ಆ ಊರಾಗ ಕಟ್ಟಿ ಇರಲಿಲ್ಲೇನು?

ಟೀವಿಯೊಳಗೆ ಹೆಣ ಬಿತ್ತೆಂದರೆ ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ನಿಲ್ಲುತ್ತದೆ. ಅವ್ವ ಹಿಟ್ಟಿನ ಕೈಯಲ್ಲೇ ಪಡಸಾಲೆಗೆ ಬಂದು ಕೂಡುತ್ತಾಳೆ. ಅತ್ತೆ-ಸೊಸೆಯರ ಧಾರಾವಾಹಿ ಅವಳಿಗೆ ಸೇರದು. 'ಅದನ್ನ ನೋಡಾಕ ಟೀವಿ ಯಾಕ ಬೇಕು, ಬಾಗಿಲಾ ತಗದ್ರ ಸಾಕು' ಎನ್ನುತ್ತಾಳೆ. ಅವಳಿಗೆ ಬೇಕಾದ್ದು ಖೂನಿ. ಕೊಲೆ ಎಂಬುದು ಪೇಪರಿನವರ ಮಾತು. 1948ರ ತನಕ ನಿಜಾಮನ ಸೀಮೆಯಲ್ಲಿದ್ದ ಊರು ನಮ್ಮ ಬೇವೂರು, ಇಲ್ಲಿ ಆಗುವುದು ಖೂನಿ, ಬರೆಯುವುದು ಪಂಚನಾಮೆ. ಆ ಉರ್ದುವಿನ ಕೃಪೆಯಿಂದ ಅವ್ವನಿಗೆ ಹಿಂದಿಯ 'ಸಿಐಡಿ' ಮುಕ್ಕಾಲು ಪಾಲು ತಿಳಿಯುತ್ತದೆ. ಉಳಿದ ಕಾಲು ಪಾಲನ್ನು ಎಸಿಪಿ ಪ್ರದ್ಯುಮ್ನ ಬೆರಳಾಡಿಸಿ ತಿಳಿಸುತ್ತಾರೆ.

ನಾನಾದರೂ 1985ರ 'ಕರಮ್‌ಚಂದ್' ಕಾಲದಿಂದ ಪಳಗಿದವನು. ಪಂಕಜ್ ಕಪೂರ್ ಗಜ್ಜರಿ ಕಡಿಯುತ್ತ ಕೊಲೆಗಾರನನ್ನು ಹಿಡಿಯುತ್ತಿದ್ದರೆ, ಗಜ್ಜರಿಗೂ ಬುದ್ಧಿಗೂ ಸಂಬಂಧವಿದೆಯೆಂದು ನಂಬಿ ಒಂದು ಚಳಿಗಾಲವಿಡೀ ತಿಂದೆ. ಹೊಟ್ಟೆ ಕೆಟ್ಟಿತು, ಗಣಿತ ಸುಧಾರಿಸಲಿಲ್ಲ. ಹಾಗಿದ್ದರೂ ಇಂಥ ಕಥೆಗಳನ್ನು ನಂಬುವ ವಿಷಯದಲ್ಲಿ ನಾನು ಉದಾರಿ. ಅವ್ವ ಜಿಪುಣಿ.

ಬಾಗಿಲಿನ ಮಾತನ್ನೇ ತೆಗೆದುಕೊಳ್ಳಿ. 1998ರಲ್ಲಿ ಶುರುವಾಗಿ ಇಪ್ಪತ್ತು ವರ್ಷ ಎಡೆಬಿಡದೆ ನಡೆದ 'ಸಿಐಡಿ'ಯಲ್ಲಿ ದಯಾ ಒಡೆದ ಬಾಗಿಲುಗಳಿಗೆ ಲೆಕ್ಕವಿಲ್ಲ. ಆ ದಯಾ, ಅಂದರೆ ದಯಾನಂದ ಶೆಟ್ಟಿ, ನಮ್ಮ ಉಡುಪಿ ಕಡೆಯವರೆಂದು ನಾನು ಅಭಿಮಾನದಿಂದ ಹೇಳಿದರೆ ಅವ್ವ ಕರಗಲಿಲ್ಲ. 'ನಮ್ಮ ವಾಡೇದ ಸಾಗವಾನಿ ಬಾಗಲಕ್ಕ ಹೆಗಲು ಕೊಟ್ಟು ನೋಡ್ಲಿ, ಹೆಗಲs ಪಂಚನಾಮೆ ಆಗ್ತತಿ. ಅಷ್ಟಕ್ಕೂ ಹಗಲ್ಹೊತ್ನ್ಯಾಗ ಬಾಗಿಲಾ ಹಾಕ್ಕೊಂಡು ಕುಂದ್ರೋರು ಯಾರು?'

ವಿಷದ ವಿಷಯಕ್ಕೆ ಬಂದರೆ ಅದೇ 'ಸಿಐಡಿ'ಯ ಡಾಕ್ಟರ್ ಸಾಳುಂಕೆ ಬಣ್ಣದ ನೀರಿಗೆ ಬಣ್ಣದ ನೀರು ಸುರಿದು, ಜಾಹೀರಾತು ಮುಗಿಯುವುದರೊಳಗೆ ವಿಷದ ಹೆಸರು ಹೇಳುತ್ತಾರೆ. ನಿಜವಾದ ಕೇಸಿನಲ್ಲಿ ಸತ್ತವನ ಜಠರ, ಕರುಳಿನ ತುಂಡುಗಳು ಉಪ್ಪುನೀರಿನ ಭರಣಿ ಸೇರಿ, ಮುದ್ರೆ ಹಾಕಿಸಿಕೊಂಡು ಪ್ರಯೋಗಾಲಯಕ್ಕೆ ಹೋಗುತ್ತವೆ. ವರದಿ ಬರುವುದರೊಳಗೆ ಮನೆಯವರು ವರ್ಷಾಂತಿಕ ಮುಗಿಸಿದರೂ ಮುಗಿಸಿದರೇ. ಇನ್ನು ಕೊನೆಯ ಐದು ನಿಮಿಷದ ದೃಶ್ಯ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸುತ್ತಾರೆ. ಕಪಾಳಕ್ಕೊಂದು ಬಿದ್ದ ಕೂಡಲೇ ಕೊಲೆಗಾರ ತನ್ನ ಬಾಲ್ಯದಿಂದ ಆರಂಭಿಸಿ ಎಲ್ಲ ಒಪ್ಪಿಕೊಳ್ಳುತ್ತಾನೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಕೋರ್ಟಿನಲ್ಲಿ ರುಜುವಾತು ಮಾಡಲು ಬರುವುದಿಲ್ಲವೆಂದು 1872ರ ಸಾಕ್ಷ್ಯ ಕಾಯ್ದೆಯ 25ನೇ ಕಲಮು ಹೇಳಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆಯಲ್ಲೂ ಆ ಮಾತು ಉಳಿದಿದೆ. ಇದನ್ನು ಅವ್ವನಿಗೆ ವಿವರಿಸಿದೆ. ಕೊಲೆಗಾರ ಬಿಡುಗಡೆಯಾಗುತ್ತಾನೆಂದು ಅವಳು ಆ ರಾತ್ರಿ ಊಟ ಬಿಟ್ಟಳು. ಅಂದಿನಿಂದ ನಾನು ಕಾನೂನು ಮಾತಾಡುವುದನ್ನು ಬಿಟ್ಟಿದ್ದೇನೆ.

ಮೊಮ್ಮಗಳು ಮೊಬೈಲಿನಲ್ಲಿ ಅಮೆರಿಕದ 'ಮರ್ಡರ್, ಶಿ ರೋಟ್' ತೋರಿಸಿದಳು. 1984ರಿಂದ 1996ರವರೆಗೆ 264 ಕಂತು. ಕ್ಯಾಬಟ್ ಕೋವ್ ಎಂಬ ಸಣ್ಣ ಊರು, ಅಲ್ಲಿ ಜೆಸಿಕಾ ಫ್ಲೆಚರ್ ಎಂಬ ಪತ್ತೇದಾರಿ ಲೇಖಕಿ. ಎಷ್ಟೋ ಕಂತುಗಳಲ್ಲಿ ಹೆಣ ಬೀಳುವುದು ಅದೇ ಊರಲ್ಲಿ. ಅವ್ವ ಎರಡು ಕಂತು ಗಂಭೀರವಾಗಿ ನೋಡಿ ಕೇಳಿದಳು: 'ಆ ಊರಿಗೆ ಹೆಣ್ಣು ಕೊಡ್ತಾರೇನು?'

ಆದರೆ ಅವಳ ದೊಡ್ಡ ತಕರಾರು ಬೇರೆ. ಕೊಲೆಗಾರ ಹಿಂದಿನ ಬಾಗಿಲಿನಿಂದ ಬಂದ, ಇರಿದ, ಹೋದ. ಊರಲ್ಲಿ ಯಾರೂ ನೋಡಲಿಲ್ಲ. 'ಆ ಊರಾಗ ಕಟ್ಟಿ ಇರಲಿಲ್ಲೇನು?' ಎಂಬುದು ಅವಳ ಪ್ರಶ್ನೆ. ಬೇವೂರಿನಲ್ಲಿ ಮನುಷ್ಯ ಚರಿಗೆ ಹಿಡಿದು ಹೊರಟರೂ ಕಟ್ಟೆಯ ಮೇಲಿನವರು 'ಎಲ್ಲಿಗೆ ಹೊಂಟಿ?' ಎಂದು ಕೇಳುತ್ತಾರೆ. ಚೂರಿ ಹಿಡಿದು ಹೋಗುವವನಿಗೆ 'ಚಾ ಕುಡದು ಹೋಗೋ' ಎನ್ನದೆ ಬಿಡುವರೇ? ಯಾವ ಬಸ್ಸಿಗೆ ಬಂದ, ಯಾರ ಮನೆ ಬೀಗ, ಕೈಯಲ್ಲಿದ್ದ ಚೀಲ ಎಷ್ಟು ಭಾರವಿತ್ತು, ಎಲ್ಲ ದಾಖಲು. ಇದು ತರ್ಕಕ್ಕೆ ನಿಲ್ಲುವ ತಕರಾರೆಂದು ನಾನೂ ಒಪ್ಪಿದ್ದೆ, ಹುಂಜದ ಪ್ರಕರಣ ನಡೆಯುವವರೆಗೆ.

ಹೋದ ವರ್ಷ ನಮ್ಮ ಹುಂಜ ಕಳುವಾಯಿತು. ಇಷ್ಟು ವರ್ಷ ನೋಡಿದ ವಿದ್ಯೆಗೆ ಈಗ ಪರೀಕ್ಷೆ ಎಂದು ಹೊರಟೆ. ಪುಕ್ಕ ಹುಡುಕಿದೆ, ಒಂದಲ್ಲ, ಓಣಿ ತುಂಬ ಇದ್ದವು, ಎಲ್ಲ ಬೇರೆ ಬೇರೆ ಕೋಳಿಗಳವು. ಹೆಜ್ಜೆಗುರುತು ಹುಡುಕಿದೆ, ಕುರಿಹಿಂಡು ದಾಟಿ ಹೋಗಿತ್ತು. ಕೊನೆಗೆ ಕಟ್ಟೆಗೆ ಬಂದು ಒಬ್ಬೊಬ್ಬರನ್ನೇ ಕೇಳಿದೆ. ಒಬ್ಬ ಹೊಲಕ್ಕೆ ಹೋಗಿದ್ದ. ಇನ್ನೊಬ್ಬನಿಗೆ ಕಣ್ಣು ಕಾಣುವುದಿಲ್ಲ. ಹಿಂದಿನ ದಿನ ದೂರದ ಬಸ್ಸಿನ ಬೋರ್ಡು ಓದಿದವನು ಅವನೇ. ಮೂರನೆಯವನು ನನ್ನ ಹೆಗಲ ಮೇಲೆ ಕೈಯಿಟ್ಟು, 'ಹುಂಜ ಹೋಗ್ಲಿ ಬಿಡು, ಓಣ್ಯಾಗ ಬಾಳೇವು ಮಾಡ್ಬೇಕಲ್ಲ' ಎಂದ. ಊರಲ್ಲೇ ಪೊಲೀಸ್ ಠಾಣೆಯಿದೆ, ಫಿರ್ಯಾದಿ ಕೊಡಲೇ ಎಂದೆ. ಪಂಚರಾಗಿ ಸಹಿ ಮಾಡಬೇಕಾದೀತೆಂಬ ಸುಳಿವು ಸಿಕ್ಕಿದ್ದೇ ಕಟ್ಟೆ ಖಾಲಿಯಾಯಿತು. ಬೇವೂರಿನ ಕಟ್ಟೆ ಹಗಲಿನಲ್ಲಿ ಖಾಲಿಯಿದ್ದುದನ್ನು ನಾನು ಕಂಡದ್ದು ಅದೊಂದೇ ಸಲ.

ಟೀವಿಯವರ ಊರಲ್ಲಿ ಯಾರಿಗೂ ಏನೂ ಗೊತ್ತಿರುವುದಿಲ್ಲ, ಪತ್ತೇದಾರ ಬಂದು ಹೇಳಬೇಕು. ನಮ್ಮಲ್ಲಿ ಪತ್ತೇದಾರನೊಬ್ಬನಿಗೆ ಬಿಟ್ಟು ಎಲ್ಲರಿಗೂ ಗೊತ್ತಿರುತ್ತದೆ. ಸಂಜೆ ಅವ್ವನ ಮುಂದೆ ಇದನ್ನು ಹೇಳಿಕೊಂಡು, 'ಕಟ್ಟಿ ಇದ್ರೂ ಏನು ಬಂತಬೇ?' ಎಂದೆ. ಅವಳು ಟೀವಿಯಿಂದ ಕಣ್ಣು ತೆಗೆಯದೆ, 'ಕದ್ದಾವ ಯಾರಂತ ನಂಗ ಅವತ್ತs ಗೊತ್ತಿತ್ತು' ಎಂದಳು. ಯಾರೆಂದು ಕೇಳಿದೆ. 'ಯಾಕ ಬೇಕು ನಮಗ' ಎಂದಳು.

ನೀವು ಎಂದಾದರೂ ಬೇವೂರಿಗೆ ಬಂದರೆ ಬನ್ನಿ, ಚಹಾ ಕುಡಿಯೋಣ. ಬಾಗಲಕೋಟೆ ಕಡೆ ಒಂದು ಬೇವೂರಿದೆ, ಚನ್ನಪಟ್ಟಣದ ಕಡೆ ಇನ್ನೊಂದಿದೆ. ನೀವು ಬರಬೇಕಾದ್ದು ಯಲಬುರ್ಗಾ ತಾಲೂಕಿನದಕ್ಕೆ. ಮನೆ ಎಲ್ಲಿ ಎಂದು ಕಟ್ಟೆಯಲ್ಲಿ ಕೇಳಿದರೆ ಹೇಳುತ್ತಾರೆ. ಹುಂಜದ ಸುದ್ದಿ ಮಾತ್ರ ಎತ್ತಬೇಡಿ.