ಹಿತ್ತಿಲ ಬಾಗಿಲಿನ ಗೂಢಚಾರ

ಕೊಲೆ ಮಾಡುವವನಿಗೆ ಅಡುಗೆಮನೆಯಷ್ಟು ಸೌಕರ್ಯದ ಜಾಗ ಇನ್ನೊಂದಿಲ್ಲ. ಈಳಿಗೆಮಣೆ, ಚಾಕು, ಲಟ್ಟಣಿಗೆ, ರುಬ್ಬುಗುಂಡು ಎಲ್ಲ ಕೈಗೆಟಕುವಂತಿರುತ್ತವೆ. ಸಾಕ್ಷ್ಯವನ್ನು ತೊಳೆದು ಬೋರಲು ಹಾಕುವುದಕ್ಕೆ ಸಿಂಕೂ ಪಕ್ಕದಲ್ಲೇ. ಇಂಗ್ಲಿಷಿನಲ್ಲಿ ಬರೆಯುವವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ರೋಲ್ಡ್ ಡಾಲ್ 1953ರಲ್ಲಿ ಪ್ರಕಟಿಸಿದ ಕಥೆಯೊಂದರಲ್ಲಿ ಹೆಂಡತಿ ಹೆಪ್ಪುಗಟ್ಟಿ ಕಲ್ಲಾಗಿದ್ದ ಕುರಿತೊಡೆಯಿಂದ ಗಂಡನ ತಲೆಗೆ ಬಾರಿಸುತ್ತಾಳೆ. ಆಮೇಲೆ ಅದನ್ನೇ ಬೇಯಿಸಿ, ಆಯುಧ ಹುಡುಕಿಕೊಂಡು ಬಂದ ಪೊಲೀಸರಿಗೇ ಉಪಚಾರ ಮಾಡಿ ಬಡಿಸುತ್ತಾಳೆ. ರೆಕ್ಸ್ ಸ್ಟೌಟ್ ಸೃಷ್ಟಿಸಿದ ನೀರೋ ವುಲ್ಫ್ ಎಂಬ ದಢೂತಿ ಪತ್ತೇದಾರನಿಗೆ ಮನೆಬಿಟ್ಟು ಕದಲುವುದೆಂದರೆ ಪ್ರಾಣಸಂಕಟ. ಅಂಥವನು 1938ರ 'ಟೂ ಮೆನಿ ಕುಕ್ಸ್' ಕಾದಂಬರಿಯಲ್ಲಿ ರೈಲು ಹತ್ತುತ್ತಾನೆ. ಹೆಣ ಬಿದ್ದಿದೆ ಎಂದಲ್ಲ, ದೊಡ್ಡ ದೊಡ್ಡ ಬಾಣಸಿಗರು ಒಂದೆಡೆ ಸೇರುತ್ತಾರೆ ಎಂದು. ಹೆಣ ಅಲ್ಲಿಗೆ ಹೋದಮೇಲೆ ಬೀಳುತ್ತದೆ, ಅದು ಬೇರೆ ಮಾತು. ನಾವಾದರೋ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಓಡಿದ್ದೇ ಓಡಿದ್ದು. ಆ ಮಹಾನುಭಾವನಿಗೆ ಊಟವಾಯಿತೇ ಎಂದು ಒಬ್ಬರೂ ವಿಚಾರಿಸಲಿಲ್ಲ.

ಇವರೆಲ್ಲ ಅಡುಗೆಮನೆಗೆ ಇಣುಕಿದವರು. ಅಡುಗೆಮನೆಯಲ್ಲೇ ಹುಟ್ಟಿ ಬೆಳೆದು, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ಕಾದಂಬರಿ ಬರೆದವನೆಂದರೆ ಲೆನ್ ಡೇಟನ್. ಗೂಢಚಾರರ ಕಥೆಗಳನ್ನು ಬರೆದು ಲೋಕವಿಖ್ಯಾತನಾದ ಈತ ಲಂಡನ್ನಿನಲ್ಲಿ 1929ರಲ್ಲಿ ಹುಟ್ಟಿದ. ಅಪ್ಪ ದೊಡ್ಡ ಮನುಷ್ಯರೊಬ್ಬರ ಕಾರಿನ ಡ್ರೈವರು, ಅಮ್ಮ ಅಡುಗೆಯವಳು. ಮನೆಯಿದ್ದದ್ದು ಬೇಕರ್ ಸ್ಟ್ರೀಟಿನ ಹತ್ತಿರ, ಅಂದರೆ ಷರ್ಲಾಕ್ ಹೋಮ್ಸನ ವಠಾರದಲ್ಲೇ ಎನ್ನಬಹುದು. ಆದರೆ ಸಾಹಿತ್ಯದ ಗಾಳಿ ಬೀಸಿದ್ದು ಆ ಕಡೆಯಿಂದಲ್ಲ, ಅಮ್ಮ ಬೇಯಿಸುತ್ತಿದ್ದ ಒಲೆಯ ಕಡೆಯಿಂದ.

ಅಮ್ಮ ಆಗೀಗ ಔತಣದ ಅಡುಗೆ ಮಾಡಿಕೊಡುತ್ತಿದ್ದವರಲ್ಲಿ ಆನಾ ವೊಲ್ಕಾಫ್ ಎಂಬಾಕೆಯೂ ಒಬ್ಬಳು. ರಷ್ಯಾದ ತ್ಸಾರನ ನೌಕಾಪಡೆಯಲ್ಲಿದ್ದ ಅಡ್ಮಿರಲ್‌ನ ಮಗಳು. ಕ್ರಾಂತಿಯಾದ ಮೇಲೆ ದಿಕ್ಕೆಟ್ಟ ಆ ಕುಟುಂಬ ಲಂಡನ್ನಿನಲ್ಲಿ ನಡೆಸುತ್ತಿದ್ದದ್ದು ಒಂದು ಟೀ ರೂಮು. ಅಲ್ಲಿ ಚಹಾದ ಜೊತೆ ಹಿಟ್ಲರ್‌ಪರ ಹರಟೆಯೂ ಸಿಗುತ್ತಿತ್ತು. ಅಮೆರಿಕದ ರಾಯಭಾರ ಕಚೇರಿಯಲ್ಲಿ ಟೈಲರ್ ಕೆಂಟ್ ಎಂಬ ಗುಮಾಸ್ತನಿದ್ದ. ಚರ್ಚಿಲ್ ಮತ್ತು ರೂಸ್‌ವೆಲ್ಟ್ ನಡುವಣ ಗುಪ್ತ ಪತ್ರಗಳ ಪ್ರತಿಗಳನ್ನು ಮನೆಗೆ ಹೊತ್ತುಕೊಂಡು ಹೋಗಿ ಪೇರಿಸಿಟ್ಟಿದ್ದ. ಆ ಕಾಗದಗಳನ್ನು ಈಕೆಯೂ ನೋಡಿದಳು. 1940ರ ಮೇ 20ರಂದು ಪೊಲೀಸರು ಬಂದು ಆಕೆಯನ್ನು ಹಿಡಿದುಕೊಂಡು ಹೋದರು. ಕೆಂಟ್‌ಗೆ 7 ವರ್ಷ, ಆಕೆಗೆ 10 ವರ್ಷ ಸೆರೆಮನೆ. ಬಂಧನವನ್ನು ಕಣ್ಣಾರೆ ನೋಡುತ್ತ ನಿಂತಿದ್ದವರಲ್ಲಿ ಅಡುಗೆಯವಳ ಮಗನೂ ಒಬ್ಬ. ಹನ್ನೊಂದು ವರ್ಷ. ಮುಂದೆ ತಾನು ಗೂಢಚಾರರ ಬಗ್ಗೆ ಬರೆಯುವುದಕ್ಕೆ ಅದೇ ಒಂದು ದೊಡ್ಡ ಕಾರಣವೆಂದು ಆತನೇ ಹೇಳಿಕೊಂಡಿದ್ದಾನೆ.

ನನಗೆ ಇಲ್ಲಿ ಕಾಡುವ ಪ್ರಶ್ನೆ ಆ ತಾಯಿಯದ್ದು. ಇಡೀ ಬ್ರಿಟನ್ನಿನ ಗುಪ್ತಚರ ಇಲಾಖೆ ಆ ಹೆಂಗಸಿನ ಬೆನ್ನುಬಿದ್ದಿದ್ದಾಗ, ಊಟಕ್ಕೆ ಎಷ್ಟು ಜನ ಬರುತ್ತಾರೆ, ಯಾರಿಗೆ ಏನು ಸೇರುತ್ತದೆ, ಯಾರು ತಡವಾಗಿ ಬಂದು ಬೇಗ ಎದ್ದರು ಎಂಬುದೆಲ್ಲ ಅಡುಗೆಯವಳಿಗೆ ತಿಳಿಯದೆ ಇದ್ದೀತೇ? ಆದರೆ ಅಡುಗೆಯವರನ್ನು ಯಾರು ಕೇಳುತ್ತಾರೆ! ನಮ್ಮೂರಿನ ಛತ್ರಕ್ಕೆ ಖಾಯಂ ಆಗಿ ಬರುತ್ತಿದ್ದ ಅಡುಗೆಭಟ್ಟರೊಬ್ಬರಿದ್ದರು. ಮದುವೆಯ ಹಾಲ್‌ಗೆ ಕಾಲಿಟ್ಟವರೇ ಅಲ್ಲ. ಕೊಪ್ಪರಿಗೆಯ ಪಕ್ಕ ಸ್ಟೂಲ್ ಹಾಕಿಕೊಂಡು ಕೂತಲ್ಲಿಂದಲೇ, "ಗಂಡಿನ ಕಡೆ ದೊಡ್ಡಪ್ಪ ಮುನಿಸ್ಕೊಂಡಿದಾರೆ, ಎರಡನೇ ಪಂಕ್ತೀಲಿ ಒಂದು ಎಲೆ ಒಬ್ಬಟ್ಟು ಹಾಗೇ ವಾಪಸ್ ಬಂದಿದೆ" ಎನ್ನುತ್ತಿದ್ದರು. ಬೀಗರ ಜಗಳ ಮೇಲಿನ ಹಾಲ್‌ನಲ್ಲಿ ಭುಗಿಲೇಳುವ ಹೊತ್ತಿಗೆ ಇವರು ಸಂಧಾನಕ್ಕೆಂದು ಕಾಫಿ ಡಿಕಾಕ್ಷನ್ ಇಳಿಸಿಟ್ಟಿರುತ್ತಿದ್ದರು. ಷರ್ಲಾಕ್ ಹೋಮ್ಸ್ ಸಿಗರೇಟಿನ ಬೂದಿ ನೋಡಿ ಹೇಳುತ್ತಿದ್ದದ್ದನ್ನು ಭಟ್ಟರು ಎಂಜಲೆಲೆ ನೋಡಿ ಹೇಳುತ್ತಿದ್ದರು. ಮದುವೆಯ ವಿಡಿಯೋದಲ್ಲಿ ಮಾತ್ರ ಅವರು ಎಲ್ಲಿಯೂ ಕಾಣುವುದಿಲ್ಲ.

ಡೇಟನ್‌ಗೆ ಅಮ್ಮನ ಕೈಗುಣ ಬಂದಿತ್ತು. ಚಿತ್ರಕಲೆ ಕಲಿಯುವ ದಿನಗಳಲ್ಲಿ ರಾಯಲ್ ಫೆಸ್ಟಿವಲ್ ಹಾಲ್‌ನ ಅಡುಗೆಮನೆಯಲ್ಲಿ ಪೇಸ್ಟ್ರಿ ಮಾಡುವವರ ಕೈಕೆಳಗೆ ದುಡಿದ. ಸ್ವಲ್ಪ ಕಾಲ ವಿಮಾನದಲ್ಲಿ ಊಟದ ತಟ್ಟೆ ಹಂಚಿದ. ಆಮೇಲೆ ಪುಸ್ತಕಗಳ ರಕ್ಷಾಪುಟಕ್ಕೆ, ಜಾಹೀರಾತಿಗೆ ಚಿತ್ರ ಬರೆದುಕೊಂಡಿದ್ದ. ದುಬಾರಿ ಅಡುಗೆ ಪುಸ್ತಕಗಳನ್ನು ಕೊಳ್ಳುವ ಚಟವೂ ಇತ್ತು. ಅವನ್ನು ಒಲೆಯ ಹತ್ತಿರ ಒಯ್ದು ಎಣ್ಣೆ ಮೆತ್ತಿಸಲು ಮನಸ್ಸಿರಲಿಲ್ಲ. ಹಾಗಾಗಿ ಬೇಕಾದ ವಿಧಾನವನ್ನಷ್ಟೇ ಒಂದು ಹಾಳೆಗೆ ಇಳಿಸಿಕೊಂಡು ಗೋಡೆಗೆ ಅಂಟಿಸುತ್ತಿದ್ದ. ಚಿತ್ರಗಾರನಲ್ಲವೇ, ಮೂರು ಮೊಟ್ಟೆ ಎಂದು ಬರೆಯುವುದಕ್ಕಿಂತ ಮೂರು ಮೊಟ್ಟೆಯ ಚಿತ್ರ ಬರೆಯುವುದೇ ಸಲೀಸು. ದಪ್ಪ ಕಪ್ಪುಗೆರೆಯ ಬಾಣಲೆ, ಬಾಣದ ಗುರುತು, ಪಕ್ಕದಲ್ಲಿ ನಾಲ್ಕು ಮಾತು. ಗೋಡೆಯ ಮೇಲಿದ್ದ ಇವು ಪತ್ರಿಕೆಗೆ ಹಾರಿ, 1962ರಿಂದ 'ಅಬ್ಸರ್ವರ್' ವಾರಪತ್ರಿಕೆಯಲ್ಲಿ 'ಕುಕ್‌ಸ್ಟ್ರಿಪ್' ಎಂಬ ಹೆಸರಿನಲ್ಲಿ ಬರತೊಡಗಿದವು. 1965ರಲ್ಲಿ 'ಆಕ್ಷನ್ ಕುಕ್ ಬುಕ್' ಎಂದು ಪುಸ್ತಕವೂ ಆಯಿತು. ಹೆಂಗಸರಿಗಲ್ಲ, ಒಲೆ ಹಚ್ಚಲು ಹೆದರುವ ಗಂಡಸರಿಗಾಗಿ.

ಪುಳಿಚಾರಿನ ಮನೆತನದವನಾದ ನಾನು ಆ ಪುಸ್ತಕ ಓದಿದ್ದು ಅಡುಗೆಗಾಗಿಯಲ್ಲ. ನನ್ನ ಪಾಲಿಗೆ ಅದು ಶುದ್ಧ ಪತ್ತೇದಾರಿ ಸಾಹಿತ್ಯ. ಯಾವ ಪುಟ ತೆರೆದರೂ ಯಾರೋ ಒಬ್ಬರು ಆಗಲೇ ತೀರಿಕೊಂಡಿರುತ್ತಾರೆ. ಆದರೂ ಆ ಬಾಣದ ಗುರುತಿನ ಶಿಸ್ತಿಗೆ ಮನಸೋತು ಬಿಸಿಬೇಳೆಭಾತಿಗೆ ಅಂಥದೇ ಒಂದು ನಕ್ಷೆ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನನ್ನ ಹೆಂಡತಿ ತಲೆ ಓರೆಮಾಡಿ ನೋಡಿ, "ಸೈಟು ಯಾವ ಏರಿಯಾದಲ್ರೀ?" ಎಂದಳು.

ಡೇಟನ್‌ನ ಮೊದಲ ಕಾದಂಬರಿ 'ದಿ ಇಪ್‌ಕ್ರೆಸ್ ಫೈಲ್' ಬಂದದ್ದೂ 1962ರಲ್ಲೇ. ಆಗ ಗೂಢಚಾರನೆಂದರೆ ಇಯಾನ್ ಫ್ಲೆಮಿಂಗ್‌ನ ಜೇಮ್ಸ್ ಬಾಂಡ್. ಬಾಂಡ್ ಊಟದಲ್ಲಿ ರಸಿಕ, ಸಂದೇಹವಿಲ್ಲ. ಆದರೆ ಅವನ ಪಾಂಡಿತ್ಯವೆಲ್ಲ ಮೆನು ಹಿಡಿದು ಆರ್ಡರ್ ಮಾಡುವುದರಲ್ಲಿ. ಡೇಟನ್‌ನ ಗೂಢಚಾರನಿಗೆ ಕಾದಂಬರಿಯಲ್ಲಿ ಹೆಸರೇ ಇಲ್ಲ. ಮೇಲಧಿಕಾರಿಗಳೆಲ್ಲ ದೊಡ್ಡ ಶಾಲೆಗಳಲ್ಲಿ ಓದಿದವರು; ಇವನು ಬಡ ಊರಿನಿಂದ ಬಂದವನು. ದೇಶ ಉಳಿಸುವ ಕೆಲಸದ ನಡುವೆಯೂ ಬಾಕಿ ಸಂಬಳ ಯಾವಾಗ ಬರುತ್ತದೆ, ಖರ್ಚಿನ ಬಿಲ್ಲು ಪಾಸಾಯಿತೇ ಎಂದು ಗೊಣಗುತ್ತಾನೆ. ಆ ಗೊಣಗಾಟ ಓದಿದ ಯಾವ ಸರ್ಕಾರಿ ನೌಕರನಿಗೂ ಕಣ್ಣು ತೇವವಾಗದೆ ಇರದು. ಒಳ್ಳೆಯ ಕಾಫಿಪುಡಿ ಎಲ್ಲಿ ಸಿಗುತ್ತದೆ ಎಂಬುದು ಅವನಿಗೆ ಗೊತ್ತು. ಗೆಳೆಯ ರೇಮಂಡ್ ಹಾಕಿ ಮಾಡಿಕೊಟ್ಟ ರಕ್ಷಾಪುಟದಲ್ಲಿ ಪಿಸ್ತೂಲಿನ ಜೊತೆ ಇದ್ದದ್ದು ಚೆಲುವೆಯಲ್ಲ, ಕುಡಿದಿಟ್ಟ ಕಾಫಿ ಕಪ್ಪು, ಅದರಲ್ಲಿ ನಂದಿಸಿದ ಸಿಗರೇಟು. ಗೂಢಚಾರಿಕೆಯನ್ನು ಅಲ್ಲಿಯವರೆಗೆ ಎಲ್ಲರೂ ಊಟದ ಮೇಜಿನ ಕಡೆಯಿಂದ ಬರೆದಿದ್ದರು. ಇವನು ಹಿತ್ತಿಲ ಬಾಗಿಲಿನಿಂದ ನೋಡಿ ಬರೆದ. ಅಲ್ಲಿಂದ ನೋಡಿದರೆ ದೊಡ್ಡವರು ಅಷ್ಟೇನೂ ದೊಡ್ಡವರಾಗಿ ಕಾಣುವುದಿಲ್ಲ. ಅವನಿಗಿಂತ ಸೊಗಸಾಗಿ ಬರೆದವರಿದ್ದಾರೆ, ಒಪ್ಪುತ್ತೇನೆ. ಇಪ್‌ಕ್ರೆಸ್‌ನ ಕಥೆಯಂತೂ ಎರಡು ಸಲ ಓದಿದರೂ ಅಲ್ಲಲ್ಲಿ ಗಂಟುಗಂಟಾಗಿಯೇ ಉಳಿಯುತ್ತದೆ. ಆದರೆ ಆ ಧ್ವನಿ ಬೇರೆಯವರಿಗೆ ದಕ್ಕಲಿಲ್ಲ.

ಅದನ್ನು 1965ರಲ್ಲಿ ಸಿನಿಮಾ ಮಾಡಿದ ಹ್ಯಾರಿ ಸಾಲ್ಟ್ಜ್‌ಮನ್ ಬಾಂಡ್ ಚಿತ್ರಗಳ ನಿರ್ಮಾಪಕರಲ್ಲೊಬ್ಬ. ನಾಯಕ ಮೈಕೆಲ್ ಕೇನ್, ಮೂಗಿನ ಮೇಲೆ ದಪ್ಪ ಫ್ರೇಮಿನ ಕನ್ನಡಕ. ಅದರಲ್ಲಿ ಗೂಢಚಾರನೂ ಅವನ ಕರ್ನಲ್ಲೂ ಸೂಪರ್ ಮಾರ್ಕೆಟ್ಟಿನಲ್ಲಿ ತಳ್ಳುಗಾಡಿ ತಳ್ಳಿಕೊಂಡು ಭೇಟಿಯಾಗುತ್ತಾರೆ. ಶತ್ರುದೇಶದ ವಿಷಯ ಬಿಟ್ಟು ಡಬ್ಬಿ ಅಣಬೆಯಲ್ಲಿ ಯಾವುದು ರುಚಿ ಎಂದು ವಾದಕ್ಕಿಳಿಯುತ್ತಾರೆ. ಆಮೇಲೆ ನಾಯಕ ಗೆಳತಿಗೆಂದು ಆಮ್ಲೆಟ್ ಮಾಡುತ್ತಾನೆ. ಒಂದೇ ಕೈಯಲ್ಲಿ ಟಕ್ಕೆಂದು ಮೊಟ್ಟೆ ಒಡೆಯಬೇಕು. ಕೇನ್‌ಗೆ ಅದು ಕೈಹತ್ತಲಿಲ್ಲ. ಆದ್ದರಿಂದ ಪರದೆಯ ಮೇಲೆ ಮೊಟ್ಟೆ ಒಡೆಯುವ ಆ ಕೈ ಕಾದಂಬರಿಕಾರನದ್ದು. ಹಿಂದಿನ ಗೋಡೆಯಲ್ಲಿ ಅವನ ಕುಕ್‌ಸ್ಟ್ರಿಪ್‌ಗಳೂ ಕಾಣುತ್ತವೆ. ಕಾದಂಬರಿಕಾರರು ಸಿನಿಮಾದವರಿಗೆ ಕಥೆ ಕೊಡುತ್ತಾರೆ, ದುಡ್ಡು ಬಾರದಿದ್ದರೆ ಶಾಪ ಕೊಡುತ್ತಾರೆ. ಕೈಯನ್ನೇ ಕೊಟ್ಟವನನ್ನು ನಾನು ಬೇರೆ ಕಂಡಿಲ್ಲ.

ಕನ್ನಡಕ ಹಾಕಿಕೊಂಡು ಅಡುಗೆ ಮಾಡುವ ನಾಯಕನನ್ನು ಕಂಡು ಹಾಲಿವುಡ್ಡಿನವರು ಗಾಬರಿಬಿದ್ದು, ಕನ್ನಡಕ ತೆಗೆಸಿ, ಅಡುಗೆಯನ್ನು ಹುಡುಗಿಯ ಕೈಲಿ ಮಾಡಿಸಿ ಎಂದು ತಂತಿ ಕಳಿಸಿದರೆಂದು ಕೇನ್ ಮುಂದೆ ಹೇಳಿಕೊಂಡು ನಕ್ಕಿದ್ದಾನೆ. ಗಂಡಸು ಸೌಟು ಹಿಡಿದರೆ ಅನುಮಾನ ಹುಟ್ಟುವುದು ಹಾಲಿವುಡ್ಡಿನಲ್ಲಿ ಮಾತ್ರವಲ್ಲ. ಕಳೆದ ಅವರೆಕಾಯಿ ಕಾಲದಲ್ಲಿ ಅಮ್ಮ ಬೇಳೆ ಹಿಸುಕುತ್ತ ಕೂತಿದ್ದಳು. ಹೊತ್ತು ಹೋಗಲೆಂದು ಡೊರೊಥಿ ಸೇಯರ್ಸ್‌ಳ 1930ರ 'ಸ್ಟ್ರಾಂಗ್ ಪಾಯ್ಸನ್' ಕಥೆ ಹೇಳಿದೆ. ಇಬ್ಬರು ಒಂದೇ ಆಮ್ಲೆಟ್ ಹಂಚಿಕೊಂಡು ತಿನ್ನುತ್ತಾರೆ, ಒಬ್ಬ ವಿಷವೇರಿ ಸಾಯುತ್ತಾನೆ, ಇನ್ನೊಬ್ಬನಿಗೆ ಏನೂ ಆಗುವುದಿಲ್ಲ. ಸೇಯರ್ಸ್ ಈ ಒಗಟನ್ನು ಕಾದಂಬರಿಯ ಕೊನೆಯವರೆಗೂ ಎಳೆದು ಬಿಡಿಸುತ್ತಾಳೆ. ಅಮ್ಮ ಜನ್ಮದಲ್ಲಿ ಮೊಟ್ಟೆ ಮುಟ್ಟಿದವಳಲ್ಲ.

"ಮಾಡಿದ್ದು ಯಾರು?"

"ಬದುಕಿದನಲ್ಲ, ಅವನು ಮೊಟ್ಟೆ ಒಡೆದುಕೊಟ್ಟ. ಊಟದ ಮೇಜಿನ ಮೇಲೇ ಒಲೆ ಇಟ್ಟುಕೊಂಡು ಮಾಡಿದ್ದು ಸತ್ತವನೇ."

"ಮನೇಲಿ ಅಡುಗೆಯವಳು ಇರಲಿಲ್ವೇನೋ?"

"ಇದ್ದಳು."

"ಅಡುಗೆಯವಳನ್ನ ಇಟ್ಕೊಂಡೂ ಗಂಡಸು ತಾನೇ ಕೈಹಾಕಿ ಮೊಟ್ಟೆ ಒಡೆದ ಅಂದ್ಮೇಲೆ ಇನ್ನೇನು ಕಣೋ ಪತ್ತೆ ಮಾಡೋದು?" ಎಂದು ಅಮ್ಮ ಮುಂದಿನ ಕಾಳಿಗೆ ಕೈಹಾಕಿದಳು. ಆಮೇಲೆ ಏನೋ ಹೊಳೆದವಳಂತೆ ನನ್ನ ಕಡೆ ತಿರುಗಿ, ಫ್ರಿಜ್ಜಿನ ಮೇಲಿನ ಆ ಬಿಸಿಬೇಳೆಭಾತಿನ ಕಾಗದ ಯಾತಕ್ಕೆ ಎಂದು ಕೇಳಿದಳು.