ಕಿಸೆಶಾಸ್ತ್ರ ಪ್ರವೇಶಿಕೆ: ನಾಲ್ಕು ತಾಲ್ಲೂಕುಗಳಲ್ಲಿ ದುಡ್ಡು ನಿಲ್ಲುವ ಬಗೆ

ಪೀಠಿಕೆ

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕನ್ನೂ ಒಂದೇ ಪ್ರಬಂಧದೊಳಗೆ ತುರುಕುವುದಕ್ಕೆ ಶಾಸ್ತ್ರೀಯ ಕಾರಣ ಬೇಕು. ಕಾಳಿ ನದಿಯನ್ನು ನೆಪ ಮಾಡೋಣವೆಂದರೆ ಅದು ಮುಂಡಗೋಡದ ಕಡೆ ತಿರುಗಿಯೂ ನೋಡುವುದಿಲ್ಲ. ಭಾಷೆಯನ್ನು ಹಿಡಿಯೋಣವೆಂದರೆ ಒಂದೇ ಚಹಾದಂಗಡಿಯ ಬೆಂಚಿನ ಮೇಲೆ ಕನ್ನಡ, ಕೊಂಕಣಿ, ಮರಾಠಿ, ಉರ್ದು ಕೂತಿರುತ್ತವೆ. ಮುಂಡಗೋಡದಲ್ಲಿ ಟಿಬೆಟನ್ ಭಾಷೆಗೂ ಜಾಗ ಮಾಡಿಕೊಡಬೇಕು. ಕೊನೆಗೆ ಪ್ರಬಂಧಕಾರರಿಗೆ ಸಿಕ್ಕ ಸಮಾನ ಅಂಶ ಒಂದೇ: ತಿಂಗಳ ಕೊನೇ ವಾರ ನಾಲ್ಕೂ ಊರುಗಳಲ್ಲಿ ಕೇಳಿಬರುವ, ದನಿ ತಗ್ಗಿಸಿದ, ಅತ್ತಿತ್ತ ನೋಡಿ ಆಡುವ ಮಾತು. “ಒಂದು ಐನೂರು ಅದಾವೇನ್ರಿ? ಪಗಾರ ಆದ ಕೂಡಲೇ ಕೊಡ್ತೀನಿ.”

ಪ್ರಶ್ನೆ ಹಳೆಯದು. ಒಂದೇ ಕಾರ್ಖಾನೆ, ಒಂದೇ ಪಾಳಿ, ಒಂದೇ ಪಗಾರ. ನಿವೃತ್ತಿಯ ಹೊತ್ತಿಗೆ ಒಬ್ಬ ಹಳಿಯಾಳ ರಸ್ತೆಯಲ್ಲಿ ಮನೆ ಕಟ್ಟಿಸಿ ಗೇಟಿಗೆ ಬಣ್ಣ ಹೊಡೆಸುತ್ತಿರುತ್ತಾನೆ. ಇನ್ನೊಬ್ಬ ಸೊಸೈಟಿ ಸಾಲಕ್ಕೆ ಜಾಮೀನು ಹಾಕುವವರನ್ನು ಹುಡುಕುತ್ತಿರುತ್ತಾನೆ. ಯಾಕೆ ಹೀಗೆ?

ಪೂರ್ವಪಕ್ಷ

ಮೊದಲನೆಯದು ಹಿರಿಯರ ಪಂಥ. ಇದರ ಆಚಾರ್ಯರು ಸಾಮಾನ್ಯವಾಗಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ವಿರಾಜಮಾನರಾಗಿರುತ್ತಾರೆ. “ಅವನ ಕೈಯೇ ತೂತು” ಎಂಬುದು ಇವರ ಮೂಲಸೂತ್ರ. ಉಳಿಸುವವನಿಗೆ ಗುಣ ಇದೆ, ಉಳಿಸದವನಿಗೆ ಇಲ್ಲ. ಗುಣ ಇದೆಯೆಂದು ಹೇಗೆ ಗೊತ್ತು? ಉಳಿಸಿದ್ದಾನಲ್ಲ! ಇಂಥ ಅಭೇದ್ಯ ತರ್ಕವನ್ನು ಯಾವ ವಿಶ್ವವಿದ್ಯಾಲಯವೂ ಈವರೆಗೆ ಮುರಿದಿಲ್ಲ, ಹೆಚ್ಚಿನವು ಇದನ್ನೇ ಪಾಠ ಮಾಡುತ್ತಿವೆ.

ಎರಡನೆಯದು ಮಿಠಾಯಿ ಪಂಥ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು ಮಕ್ಕಳ ಮುಂದೆ ಮಿಠಾಯಿ ಇಟ್ಟು, ಸ್ವಲ್ಪ ಹೊತ್ತು ತಿನ್ನದೆ ಕಾದರೆ ಎರಡು ಕೊಡುವೆವು ಎಂದರು. ಕಾದ ಮಕ್ಕಳು ಮುಂದೆ ಜೀವನದಲ್ಲಿ ಗೆದ್ದರು ಎಂದು ಸುದ್ದಿಯಾಗಿ, ಪ್ರಪಂಚದ ಅಪ್ಪಂದಿರೆಲ್ಲ ಮಕ್ಕಳ ಕೈಯಿಂದ ತಿಂಡಿ ಕಸಿದುಕೊಳ್ಳಲು ಶುರುಮಾಡಿದರು. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ವಿವರ ಇಟ್ಟುಕೊಂಡು ಬೇರೆಯವರು ಮತ್ತೆ ಪರಿಶೀಲಿಸಿದಾಗ, ಮನೆಯ ಸ್ಥಿತಿಗತಿ ಲೆಕ್ಕಕ್ಕೆ ಹಿಡಿದ ಕೂಡಲೇ ಮಿಠಾಯಿಯ ಮಹಿಮೆ ಬಹುಪಾಲು ಕರಗಿಹೋಯಿತು. ಏಳು ಮಂದಿ ಮಕ್ಕಳಿರುವ ಮನೆಯಲ್ಲಿ ಬೆಳೆದವರಿಗೆ ಈ ಫಲಿತಾಂಶ ಅಚ್ಚರಿಯೇನಲ್ಲ. ಅಲ್ಲಿ ಎದುರಿಗಿಟ್ಟ ಲಾಡನ್ನು ತಿನ್ನದೆ ಕಾದ ಕೂಸಿಗೆ ಎರಡನೆಯದಿರಲಿ, ಮೊದಲನೆಯದೂ ಸಿಗುವುದಿಲ್ಲ.

ಮೂರನೆಯದು ಕೇನ್ಸ್ ಪಂಥ. 1936ರಲ್ಲಿ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಕೇನ್ಸ್ ಹೇಳಿದ್ದು: ಆದಾಯ ಏರಿದಾಗ ಖರ್ಚೂ ಏರುತ್ತದೆ, ಆದರೆ ಅಷ್ಟೇ ಪ್ರಮಾಣದಲ್ಲಿ ಅಲ್ಲ. ಮಹಾನುಭಾವರು ದಸರೆಗೆ ದಾಂಡೇಲಪ್ಪನ ಜಾತ್ರೆಗೆ ಬರುವ ನೆಂಟರನ್ನು ಕಂಡವರಲ್ಲ. ಈ ಪಂಥದ ಬಗ್ಗೆ ಇಷ್ಟು ಸಾಕು.

ಕಬ್ಬಿನ ಗದ್ದೆಯ ಸಾಕ್ಷ್ಯ

ಹಿರಿಯರ ಪಂಥಕ್ಕೆ ಪೆಟ್ಟು ಕೊಟ್ಟದ್ದು ಕಬ್ಬು. ತಮಿಳುನಾಡಿನ 464 ಕಬ್ಬು ಬೆಳೆಗಾರರಿಗೆ ಕಟಾವಿನ ಮೊದಲೊಮ್ಮೆ, ಕಟಾವಿನ ನಂತರ ಇನ್ನೊಮ್ಮೆ ಬುದ್ಧಿಪರೀಕ್ಷೆ ಮಾಡಿದ ಸಂಶೋಧಕರು ಫಲಿತಾಂಶವನ್ನು 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಕೈ ಬರಿದಾಗಿದ್ದಾಗ ಕಡಿಮೆ ಅಂಕ ತೆಗೆದ ಅದೇ ರೈತ, ದುಡ್ಡು ಬಂದ ಮೇಲೆ ಹೆಚ್ಚು ಅಂಕ ತೆಗೆದ. ಮನುಷ್ಯ ಬದಲಾಗಿರಲಿಲ್ಲ, ತಿಂಗಳು ಬದಲಾಗಿತ್ತು. ಬಡತನ ಬುದ್ಧಿಯ ಜಾಗವನ್ನೇ ತಿಂದುಬಿಡುತ್ತದೆ ಎಂದು ಸಂಶೋಧಕರು ಬರೆದರು.

ಹಳಿಯಾಳಕ್ಕೆ ಇದು ನೇರವಾಗಿ ಅನ್ವಯಿಸುತ್ತದೆ, ಅಲ್ಲೂ ಕಬ್ಬೇ ತಾನೆ. ಕಬ್ಬು ಹಾಕಿದವನಿಗೆ ಹನ್ನೊಂದು ತಿಂಗಳು ಬರೀ ಖರ್ಚು, ಒಂದು ತಿಂಗಳು ಬಿಲ್ಲು. ಕಬ್ಬು ಸಾಗಿಸಿದ 14 ದಿನದೊಳಗೆ ದುಡ್ಡು ಪಾವತಿಯಾಗಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಆದರೆ ಬಿಲ್ಲು ಬರುವ ಸುದ್ದಿ ಬಿಲ್ಲಿಗಿಂತ ಮೊದಲೇ ಊರು ತಲುಪಿರುತ್ತದೆ. ಗೊಬ್ಬರದಂಗಡಿಯವರು, ಟ್ರ್ಯಾಕ್ಟರಿನವರು, ಮಗಳ ಮದುವೆ ನಿಶ್ಚಯಿಸಿದ ಅಣ್ಣ, ಎಲ್ಲರಿಗೂ ಅವನ ಆರೋಗ್ಯದ ಬಗ್ಗೆ ಒಂದೇ ವಾರದಲ್ಲಿ ಕಾಳಜಿ ಹುಟ್ಟುತ್ತದೆ. ಇಂಥವನಿಗೆ ‘ತಿಂಗಳಿಗಿಷ್ಟು ಉಳಿಸು’ ಎಂದು ಉಪದೇಶಿಸುವವರಿಗೆ ಪ್ರತಿ ತಿಂಗಳೂ ಪಗಾರ ಇರುತ್ತದೆ ಎಂಬುದನ್ನು ಗಮನಿಸಬೇಕು.

ಪಗಾರದಾರರ ಕಡೆಗೆ ಬಂದರೆ ದಾಂಡೇಲಿ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ ಈ ಊರಿಗೆ ಕಾಗದದ ಜೊತೆಗೆ ಪ್ರಾವಿಡೆಂಟ್ ಫಂಡನ್ನೂ ಪರಿಚಯಿಸಿತು. ಪಗಾರದ ಶೇ. 12 ಕೈಗೆ ಬರುವ ಮೊದಲೇ ಅತ್ತ ಹೋಗಿಬಿಡುತ್ತದೆ. ಉಳಿತಾಯದ ಅಸಾಧಾರಣ ಗುಣವುಳ್ಳವರೆಂದು ಹೆಸರಾದ ಎಷ್ಟೋ ಹಿರಿಯರ ಗುಣ ಇಂತಿಷ್ಟೇ: ಆ ದುಡ್ಡು ಅವರ ಕಣ್ಣಿಗೆ ಬಿದ್ದೇ ಇರಲಿಲ್ಲ. ಬಿದ್ದಿದ್ದರೆ ಏನಾಗುತ್ತಿತ್ತೆಂದು ಅವರ ಮನೆಯವರನ್ನು ಕೇಳಬೇಕು. ಹೊರಗುತ್ತಿಗೆಯವರಿಗೆ, ಸೀಸನ್ನಿನಲ್ಲಿ ಮಾತ್ರ ರಿಸಾರ್ಟಿನಲ್ಲಿ ದುಡಿಯುವ ಹುಡುಗರಿಗೆ ಈ ಗುಣ ಅಷ್ಟು ಸುಲಭಕ್ಕೆ ಪ್ರಾಪ್ತವಾಗುವುದಿಲ್ಲ.

ಸೂಪಾ ಅಣೆಕಟ್ಟನ್ನು ಇಲ್ಲಿ ನೆನೆಯಬೇಕು. 145 ಟಿಎಂಸಿಗೂ ಹೆಚ್ಚು ನೀರು ಹಿಡಿಯುವ ಜಲಾಶಯ ಅದು. ಕಾಳಿಯ ನೀರು ಮಿತವ್ಯಯಿ, ದೂರದೃಷ್ಟಿಯುಳ್ಳದ್ದು ಎಂದು ಯಾರೂ ಹೊಗಳುವುದಿಲ್ಲ. 101 ಮೀಟರ್ ಎತ್ತರದ ಗೋಡೆ ಅಡ್ಡ ನಿಂತಿದೆ ಎನ್ನುತ್ತಾರೆ. ಗಣೇಶಗುಡಿಯಲ್ಲಿ ಬೇಸಿಗೆಯಲ್ಲೂ ಪ್ರವಾಸಿಗರು ರ‍್ಯಾಫ್ಟಿಂಗ್ ಮಾಡಿ ಕಿರುಚುವುದು ಆ ಗೋಡೆಯಿಂದ ಅಳತೆ ಮಾಡಿ ಬಿಟ್ಟ ನೀರಿನಲ್ಲಿ. ಆ ಗೋಡೆಗಾಗಿ ಸೂಪಾ ಊರೇ ಮುಳುಗಿ, ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಉಳಿತಾಯಕ್ಕಾಗಿ ಯಾರ ಮನೆ ಮುಳುಗಿತೆಂಬ ವಿಚಾರ ಕಿಸೆಶಾಸ್ತ್ರದ ಪಠ್ಯಕ್ರಮದಲ್ಲಿಲ್ಲ. ಇರಬೇಕಿತ್ತು.

ಎಮ್ಮೆಯ ಮೀಮಾಂಸೆ

ಉತ್ತರ ಪ್ರದೇಶದ ಹಳ್ಳಿಗಳ ದನ-ಎಮ್ಮೆಗಳ ಲೆಕ್ಕ ಹಾಕಿದ ಮೂವರು ಅರ್ಥಶಾಸ್ತ್ರಜ್ಞರು 2013ರಲ್ಲಿ ಕಂಗಾಲಾದರು. ಮನೆಯವರ ದುಡಿಮೆಗೆ ಕೂಲಿ ಹಿಡಿದರೆ ಜಾನುವಾರು ಸಾಕಾಣಿಕೆ ಭಾರೀ ನಷ್ಟದ ಬಾಬತ್ತು. ಆದರೂ ಜನ ಸಾಕುತ್ತಲೇ ಇದ್ದಾರೆ. ಹಸುಗಳು ಇನ್ನೂ ಇರುವುದೇ ಬಂಡವಾಳಶಾಹಿಯ ಮೂಲತತ್ವಗಳನ್ನು ಸುಳ್ಳುಮಾಡುತ್ತದೆಯೇ ಎಂದು ಪ್ರಬಂಧದ ತಲೆಬರಹದಲ್ಲೇ ಕೇಳಿಬಿಟ್ಟರು. ಇದು ಅಣಕವಲ್ಲ, ನಿಜವಾದ ಪ್ರಬಂಧ. ನಮ್ಮ ಕಸುಬಿಗೆ ಇಂಥ ಪೈಪೋಟಿ ಇದೆ.

ನಮ್ಮ ಭಾಗದ ಗೌಳಿ ದೊಡ್ಡಿಯೊಂದಕ್ಕೆ ಅವರು ಬಂದು ಕೂತಿದ್ದರೆ ಉತ್ತರ ಸಿಗುತ್ತಿತ್ತು. ಬ್ಯಾಂಕಿನಲ್ಲಿರುವ ನಲವತ್ತು ಸಾವಿರದಿಂದ ಇನ್ನೂರು ರೂಪಾಯಿ ತೆಗೆಯಬಹುದು. ನಲವತ್ತು ಸಾವಿರದ ಎಮ್ಮೆಯಿಂದ ತೆಗೆಯಲಾಗುವುದಿಲ್ಲ. ಎಮ್ಮೆಯ ಕಾಲು ಕಡಿದು ಮೊಬೈಲ್ ರಿಚಾರ್ಜ್ ಮಾಡಿಸಿದವರು ಯಾರೂ ಇಲ್ಲ. ಭಾವ ಬಂದು ಕೈಗಡ ಕೇಳಿದಾಗ ಕೊಟ್ಟಿಗೆಯತ್ತ ಕೈ ತೋರಿಸಿ, “ಇರೋದೆಲ್ಲಾ ಅಲ್ಲೇ ನಿಂತೈತಿ ನೋಡು” ಎಂದರೆ ಮಾತು ಮುಗಿಯಿತು. ಆ ಅರ್ಥಶಾಸ್ತ್ರಜ್ಞರೂ ಕೊನೆಗೆ ಮುಂದಿಟ್ಟ ವಿವರಣೆಗಳಲ್ಲಿ ಇದೂ ಒಂದು: ಸುಲಭವಾಗಿ ಒಡೆಯಲಾಗದ ಉಳಿತಾಯ. ಜೋಯಿಡಾದ ಕುಣಬಿಗಳು ಇನ್ನೂ ಮುಂದೆ ಹೋಗಿ, ಕೆಸುವು, ಸುವರ್ಣಗೆಡ್ಡೆಗಳ ರೂಪದಲ್ಲಿ ಉಳಿತಾಯವನ್ನು ಮಣ್ಣಿನಡಿಯೇ ಇಟ್ಟಿದ್ದಾರೆ. ಬೇಕಾದಾಗ ಬೇಕಾದಷ್ಟೇ ಅಗೆಯುವ ಖಾತೆ. ಕಾಡುಹಂದಿಯೊಂದನ್ನು ಬಿಟ್ಟರೆ ಇದಕ್ಕೆ ಬೇರೆ ದರೋಡೆಯ ಭಯವಿಲ್ಲ.

ಮುಂಡಗೋಡದ ಟಿಬೆಟನ್ ನೆಲೆ 1966ರದು. ಅಲ್ಲಿಯ ಎಷ್ಟೋ ಕುಟುಂಬಗಳು ಚಳಿಗಾಲಕ್ಕೆ ಊರೂರಿಗೆ ಹೋಗಿ ಸ್ವೆಟರ್ ಮಾರುತ್ತವೆ. ಲುಧಿಯಾನದ ಸಗಟು ವ್ಯಾಪಾರಿಗಳು ಉದ್ರಿ ಕೊಡುತ್ತಾರೆ, ಮಾರಿ ಬಂದ ಮೇಲೆ ತೀರಿಸುವುದು. ಇಲ್ಲಿ ಉಳಿದಿರುವುದು ನಂಬಿಕೆ, ಅದಕ್ಕೆ ಪಾಸ್‌ಬುಕ್ಕಿಲ್ಲ. ಚಳಿ ಬೀಳದ ವರ್ಷ ಇವರ ಮಿತವ್ಯಯವೆಲ್ಲ ಎಲ್ಲಿ ಹೋಗುತ್ತದೆಂದು ಗುಣವಾದಿಗಳು ಹವಾಮಾನ ಇಲಾಖೆಯನ್ನು ವಿಚಾರಿಸಿಕೊಳ್ಳಲಿ.

ಕಿಸೆಶಾಸ್ತ್ರದ ಪ್ರಥಮ ನಿಯಮ

ಇಷ್ಟರಿಂದ ಹೊರಟ ನಿಯಮ ಇದು: ದುಡ್ಡು ಒಡೆಯನಿಂದ ಎಷ್ಟು ದೂರವೋ ಅಷ್ಟು ಭದ್ರ. ಉಪನಿಯಮ: ಆ ದೂರಕ್ಕೆ ಅದನ್ನು ಒಯ್ಯಲು ಇನ್ನೊಬ್ಬರು ಬೇಕು.

ಬಹುತೇಕ ಮನೆಗಳಲ್ಲಿ ಆ ಇನ್ನೊಬ್ಬರು ಮನೆಯಾಕೆಯೇ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದಾಗ ತೊಗರಿಬೇಳೆ ಡಬ್ಬಿಗಳಿಂದ, ಹಳೇ ಸೀರೆಯ ಮಡಿಕೆಗಳಿಂದ ಎಷ್ಟು ದುಡ್ಡು ಹೊರಬಂತೆಂದರೆ ಗಂಡಂದಿರು ದೇಶದ ಅರ್ಥವ್ಯವಸ್ಥೆಗಿಂತ ಅದಕ್ಕೇ ಹೆಚ್ಚು ಗಾಬರಿಯಾದರು. ಈಗ ಗೃಹಲಕ್ಷ್ಮಿಯ 2000 ರೂಪಾಯಿ ಬ್ಯಾಂಕಿಗೇ ಬರುವುದರಿಂದ, ಯಾವ ಡಬ್ಬಿ ತಡಕಬೇಕೆಂಬುದೂ ಅವರಿಗೆ ತಿಳಿಯದಾಗಿದೆ.

ಡಬ್ಬಿಯಿಲ್ಲದವರಿಗೆ ಪಿಗ್ಮಿ. 1928ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಅವರ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದಾದದ್ದು, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲೇ ಠೇವಣಿ ಎತ್ತಲು ಶುರುಮಾಡಿತು. ಅವರ ಜಾಣ್ಮೆ ಬಡ್ಡಿಯಲ್ಲಿರಲಿಲ್ಲ, ಬಾಗಿಲು ಬಡಿಯುವುದರಲ್ಲಿತ್ತು. ಸಾಕ್ಷಿ ಬೇಕಿದ್ದವರು ಸಂಜೆ ಪಿಗ್ಮಿ ಏಜೆಂಟ್ ಬರುವ ಹೊತ್ತಿಗೆ ದಾಂಡೇಲಿಯ ಮೀನು ಮಾರ್ಕೆಟ್ಟಿನಲ್ಲಿ ನಿಲ್ಲಬೇಕು.

“ಅಕ್ಕಾ, ಇವತ್ತಿಂದು?”

“ನಾಳೆ ಬಾರೋ ಮಾರಾಯಾ. ಬಂಗಡೆ ಹಂಗೇ ಉಳಿದಾವು.”

“ನಿನ್ನೇನೂ ಹಿಂಗೇ ಅಂದ್ರಿ.”

“ನಿನ್ನೆ ಕೊಟ್ಟಿದ್ದೆ!”

“ಬೈದು ಕೊಟ್ರಿ. ಇವತ್ತೂ ಬೈದೇ ಕೊಡ್ರಿ.”

ಆಕೆ ಬೈಯುತ್ತಲೇ ಬುಟ್ಟಿಯಡಿಯ ಪ್ಲಾಸ್ಟಿಕ್ ಸರಿಸಿ, ಹಸಿಯಾದ ಐವತ್ತರ ನೋಟನ್ನು ಎರಡು ಬೆರಳಲ್ಲಿ ಹಿಡಿದು ಕೊಡುತ್ತಾಳೆ. ಆತ ಅದನ್ನು ಪ್ಯಾಂಟಿಗೆ ಒರೆಸಿ, ಕೈಯಲ್ಲಿನ ಯಂತ್ರದಿಂದ ಚೀಟಿ ಹರಿದು ಕೊಡುತ್ತಾನೆ. ಚೀಟಿಗೂ ಬಂಗಡೆಯ ವಾಸನೆ ಹತ್ತುತ್ತದೆ. ಮಿಶೆಲ್ ಸಾಹೇಬರ ಕೂಸುಗಳ ಪಕ್ಕ ಇಂಥವನೊಬ್ಬ ನಿಂತು ಮಿಠಾಯಿ ವಸೂಲು ಮಾಡಿದ್ದರೆ ಎಲ್ಲರೂ ಕಾಯುತ್ತಿದ್ದರು.

ಅಪವಾದ

ಉಪನಿಯಮಕ್ಕೆ ಒಂದೇ ತೊಡಕು ಎದುರಾಯಿತು: ಪಿಗ್ಮಿ ಏಜೆಂಟ್ ಸ್ವತಃ ಉಳಿಸುತ್ತಾನೆಯೇ? ಪ್ರಶ್ನೆ ಕೇಳಿದಾಗ ಆತ ಸ್ಕೂಟಿಯ ಸ್ಟ್ಯಾಂಡ್ ಹಾಕಿ ನಕ್ಕ. “ಊರ ಮಂದಿ ಬಾಗಲಾ ನಾ ಬಡೀತೇನ್ರಿ ಸರ, ನನ್ನ ಬಾಗಲಾ ಯಾರು ಬಡೀಬೇಕು?” ಕಮಿಷನ್ ಬಂದದ್ದು ಬಂದ ಹಾಗೇ ಖರ್ಚಾಗುತ್ತಿತ್ತಂತೆ. ಆಮೇಲೆ ಉಪಾಯ ಹೊಳೆಯಿತು. ಎದುರಿನ ಸೊಸೈಟಿಯ ಏಜೆಂಟನ ಹತ್ತಿರ ಈತ ಖಾತೆ ಮಾಡಿಸಿದ, ಈತನ ಹತ್ತಿರ ಆತ. ಈಗ ರಾತ್ರಿ ಎಂಟರ ಸುಮಾರಿಗೆ ಇಬ್ಬರೂ ಒಂದೇ ಚಹಾದಂಗಡಿಗೆ ಬರುತ್ತಾರೆ. ಒಬ್ಬ ನೂರು ಕೊಡುತ್ತಾನೆ, ಇನ್ನೊಬ್ಬ ಅದೇ ನೂರನ್ನು ತಿರುಗಿ ಕೊಡುತ್ತಾನೆ. ಎರಡೂ ಯಂತ್ರ ಕಿರ್ ಎಂದು ಚೀಟಿ ಹರಿಯುತ್ತವೆ. ಚಹಾದ ಲೆಕ್ಕ ಮಾತ್ರ ಉದ್ರಿ ವಹಿಯಲ್ಲಿದೆ.