ಬೆನ್ನು ಬಿಚ್ಚದ ಮೊಬೈಲು

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಂಡೆಯ ಮೇಲೆ ಅಶೋಕ ಬರೆಸಿದ ಸಂದೇಶಕ್ಕೆ ಎರಡು ಸಾವಿರದ ಇನ್ನೂರು ವರ್ಷ ದಾಟಿದರೂ ಚಾರ್ಜ್ ಇಳಿದಿಲ್ಲ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಅದನ್ನು ಪತ್ತೆ ಹಚ್ಚಿದಾಗ ಬಂಡೆಯನ್ನು ಬಿಸಿ ಮಾಡಿ ಎಬ್ಬಿಸುವ ಪ್ರಮೇಯವೂ ಬರಲಿಲ್ಲ. ಆ ಶಾಸನದ ಫೋಟೊ ಹೊಡೆಯಲು ಬಂದವರ ಮೊಬೈಲು ಮಾತ್ರ ಮೂರು ವರ್ಷ ತುಂಬುವುದರೊಳಗೆ ಹೊಟ್ಟೆ ಉಬ್ಬರಿಸಿಕೊಂಡು ಕೂತಿರುತ್ತದೆ.

ಹಿಂದೆಲ್ಲ ಉಗುರು ಹಾಕಿದರೆ ಮುಚ್ಚಳ ಬರುತ್ತಿತ್ತು. ಕೈಜಾರಿ ಬಿದ್ದರೆ ಮುಚ್ಚಳ, ಬ್ಯಾಟರಿ, ಸೆಟ್ಟು ಮೂರೂ ಮೂರು ದಿಕ್ಕಿಗೆ. ಕೂಡಿಸಿದರೆ ಮತ್ತೆ ಹಲೋ. ಈಗ ಕಂಪನಿಯವರು ಮುಚ್ಚಳವನ್ನು ಅಕ್ಕರೆಯಿಂದ ಅಂಟು ಬಳಿದು ಕೂರಿಸಿದ್ದಾರೆ. ಯಾಕಪ್ಪಾ ಅಂದರೆ, ನೀರು ಒಳಹೋಗಬಾರದಂತೆ. ಮಳೆಯೇ ಮುನಿಸಿಕೊಂಡಿರುವ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗೆ ನೀರಿನಿಂದ ಈ ಪಾಟಿ ರಕ್ಷಣೆ! ಮೋಡ ನೋಡಿ ಕತ್ತು ಸೋತ ಶೇಂಗಾ ರೈತ, ಹೊಲದಂತೆ ಮೊಬೈಲೂ ನೆನೆಯಲಿಲ್ಲವಲ್ಲ ಎಂದು ಹಿಗ್ಗಬೇಕು.

ಈ ಅಕ್ಕರೆ ತಾಳಲಾರದೆ ಯುರೋಪಿನವರು 2023ರಲ್ಲಿ ಕಾನೂನು ಮಾಡಿದರು. 2027ರ ಫೆಬ್ರುವರಿ 18ರಿಂದ ಅಲ್ಲಿ ಮಾರುವ ಸಾಧನಗಳ ಬ್ಯಾಟರಿಯನ್ನು ಕೊಂಡವನೇ ಬಿಚ್ಚಿ ಬದಲಿಸುವಂತಿರಬೇಕು. ಕಾಯಿಸುವುದು, ದ್ರಾವಕ ಸುರಿಯುವುದು, ಕಂಪನಿಯಲ್ಲಷ್ಟೇ ಇರುವ ಸ್ಕ್ರೂಡ್ರೈವರ್ ಹುಡುಕುವುದು, ಯಾವುದೂ ಇರಕೂಡದು. ಕಾನೂನೆಂದ ಮೇಲೆ ಹಿಂಬಾಗಿಲು ಬೇಡವೇ? ಸಾವಿರ ಸಲ ಚಾರ್ಜಾದರೂ ಬ್ಯಾಟರಿ ನೂರಕ್ಕೆ 80ರಷ್ಟು ಕಸುವು ಉಳಿಸಿಕೊಂಡು, ಫೋನು ನೀರನ್ನೂ ತಡೆದರೆ ವಿನಾಯಿತಿ. ಅಲ್ಲೂ ನೀರೇ!

ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸತ್ತ ಬ್ಯಾಟರಿಯ ಉತ್ತರಕ್ರಿಯೆಯನ್ನು ತಯಾರಕರ ತಲೆಗೆ ಕಟ್ಟಿದವು. ಹೆಣವನ್ನು ಮನೆಯವರು ಹೊರಗೆ ತೆಗೆಯುವುದು ಹೇಗೆಂದು ಹೇಳಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿಗೊಂದು ಪೋರ್ಟಲ್ ಬಂತು. ಫೋನು ಸತ್ತವರು ಫೋನಿನಲ್ಲೇ ತೆರೆದು ನೋಡಬಹುದು.

ಸದ್ಯಕ್ಕೆ ಬಸ್‌ಸ್ಟ್ಯಾಂಡಿನ ಮೊಬೈಲ್ ಅಂಗಡಿಯ ಹುಡುಗನೇ ನಮ್ಮ ಯುರೋಪು. ಬಿಸಿಗಾಳಿ ಊದುತ್ತಾನೆ, ತೆಳ್ಳನೆ ಪ್ಲಾಸ್ಟಿಕ್ ತೂರಿಸಿ ಮೀಟುತ್ತಾನೆ, ಉಸಿರು ಬಿಗಿಹಿಡಿದು ಹೇಳುತ್ತಾನೆ: “ಡಿಸ್‌ಪ್ಲೇ ಹೋದ್ರೆ ನನ್ನ ಕೇಳಂಗಿಲ್ಲ ನೋಡಣ್ಣ.” ಯಾವ ಸರ್ಕಾರಿ ಅಧಿಸೂಚನೆಯೂ ಇಷ್ಟು ಸ್ಪಷ್ಟವಾಗಿರುವುದಿಲ್ಲ.

2025ರ ಮೇನಲ್ಲಿ ದಿಲ್ಲಿಯ ಸಮಿತಿಯೊಂದು ದುರಸ್ತಿ ಸೂಚ್ಯಂಕದ ವರದಿ ಒಪ್ಪಿಸಿದೆ. ರಿಪೇರಿ ಎಷ್ಟು ಸಲೀಸು ಎಂದು ಅಂಕ ಕೊಟ್ಟು ಗ್ರಾಹಕನಿಗೆ ಕಾಣುವಂತೆ ಚೀಟಿ ಹಾಕಬೇಕಂತೆ. ಅಂದರೆ ಬೆನ್ನು ಬಿಚ್ಚಬೇಕೆಂದಿಲ್ಲ, ಬಿಚ್ಚುವುದಿಲ್ಲವೆಂದು ದುಡ್ಡು ಎಣಿಸುವ ಮೊದಲೇ ತಿಳಿಸಿದರೆ ಆಯಿತು. ಆ ಚೀಟಿ ಮಾತ್ರ, ನೋಡುತ್ತಿರಿ, ಉಗುರು ಹಾಕಿದರೆ ಸಾಕು, ಕಿತ್ತು ಬರುತ್ತದೆ.